ಕಾಳುಮೆಣಸಿನ ಹಾದಿಗಳು: ಶರಾವತಿ ಕಣಿವೆಯ ಒಂದು ಚರಿತ್ರೆ

ಮಲೆನಾಡಿನವರ ಮತ್ತು ಕರಾವಳಿಯವರ ಮಾತಿನಲ್ಲಿ 'ಘಟ್ಟ' ಎಂಬ ಪದಕ್ಕೆ ಎರಡು ಅರ್ಥಗಳು ಒಟ್ಟಿಗೇ ಬದುಕುತ್ತವೆ. ಒಂದು, ಸಮುದ್ರಕ್ಕೆ ಸಮಾನಾಂತರವಾಗಿ ನಿಂತ ಬೆಟ್ಟಸಾಲು. ಇನ್ನೊಂದು, ಆ ಬೆಟ್ಟಸಾಲನ್ನು ಹತ್ತಿ ಇಳಿಯುವ ದಾರಿ. ಭೂಪಟ ಬರೆಯುವವರಿಗೆ ಮೊದಲನೆಯ ಅರ್ಥ ಮುಖ್ಯವಾದರೂ, ಶತಮಾನಗಳ ಕಾಲ ಅಡಿಕೆ, ಅಕ್ಕಿ, ಕಾಳುಮೆಣಸುಗಳನ್ನು ಕೆಳಕ್ಕೆ ಇಳಿಸಿ ಉಪ್ಪು, ತೆಂಗಿನಕಾಯಿ, ಒಣಮೀನುಗಳನ್ನು ಮೇಲಕ್ಕೆ ಏರಿಸಿದವರಿಗೆ ಎರಡನೆಯದೇ ಮುಖ್ಯವಾಗಿತ್ತು. ಅವರ ಲೆಕ್ಕದಲ್ಲಿ ಘಟ್ಟವೆಂದರೆ ಬೆಟ್ಟದ ಗೋಡೆಯಲ್ಲ, ಆ ಗೋಡೆಯಲ್ಲಿದ್ದ ಬಾಗಿಲು. ಶರಾವತಿ ಕಣಿವೆಯ ಚರಿತ್ರೆಯನ್ನು ಈ ಎರಡನೆಯ ಅರ್ಥದಿಂದ ಓದತೊಡಗಿದರೆ, ಇಂದು ಅಭಯಾರಣ್ಯವೆಂದು ಗುರುತಿಸಲ್ಪಟ್ಟಿರುವ, ಚಾರಣಿಗರು ಮನುಷ್ಯಸ್ಪರ್ಶವಿಲ್ಲದ ಕಾಡೆಂದು ಭಾವಿಸಿ ನಡೆಯುವ ಈ ಪ್ರದೇಶವು ಒಂದು ಕಾಲದಲ್ಲಿ ಪಶ್ಚಿಮ ಕರಾವಳಿಯ ಬಹು ಮುಖ್ಯ ವ್ಯಾಪಾರ ಮಾರ್ಗಗಳಲ್ಲೊಂದಾಗಿತ್ತೆಂಬುದೂ, ಇಲ್ಲಿಯ ಕಾಲುದಾರಿಗಳಲ್ಲಿ ಹೆಚ್ಚಿನವು ವಿಹಾರಕ್ಕಾಗಿ ಅಲ್ಲದೆ ದುಡಿಮೆಗಾಗಿ ಹುಟ್ಟಿದವೆಂಬುದೂ ತಿಳಿಯುತ್ತದೆ.

ಶರಾವತಿಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುತ್ತದೆ. ಶ್ರೀರಾಮನು ಬಿಟ್ಟ ಬಾಣದಿಂದ ನೀರು ಚಿಮ್ಮಿತೆಂಬ ನಂಬಿಕೆಯೇ ಊರಿನ ಹೆಸರಿಗೂ ಹೊಳೆಯ ಹೆಸರಿಗೂ ಕಾರಣ; 'ಅಂಬು' ಮತ್ತು 'ಶರ' ಎರಡೂ ಬಾಣವೆಂಬುದಕ್ಕೆ ಸಲ್ಲುವ ಪದಗಳು. ಅಲ್ಲಿಂದ ವಾಯವ್ಯಕ್ಕೆ ಹರಿದು, ಹರಿದ್ರಾವತಿ, ಎಣ್ಣೆಹೊಳೆ ಮೊದಲಾದ ಉಪನದಿಗಳನ್ನು ಕೂಡಿಸಿಕೊಂಡು, ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿ, ಆಳವಾದ ಕಮರಿಯಲ್ಲಿ ಪಶ್ಚಿಮಕ್ಕೆ ತಿರುಗಿ, ಗೇರುಸೊಪ್ಪೆಯ ಬಳಿ ಬಯಲಿಗೆ ಬಂದು, ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ಹೊತ್ತಿಗೆ ಅದು ಕ್ರಮಿಸುವ ದೂರ ಸುಮಾರು 128 ಕಿಲೋಮೀಟರು ಮಾತ್ರ. ಉದ್ದದಲ್ಲಿ ಇದು ದೊಡ್ಡ ನದಿಯಲ್ಲ. ಆದರೆ ಈ ಚಿಕ್ಕ ಓಟದಲ್ಲಿ ಮೂರು ಬೇರೆ ಬೇರೆ ನೆಲಗಳಿವೆ: ಮೇಲೆ ತೋಟ ಗದ್ದೆಗಳ ಮಲೆನಾಡು, ನಡುವೆ ಕಡಿದಾದ ಕಾಡುಗಣಿವೆ, ಕೆಳಗೆ ಉಬ್ಬರವಿಳಿತದ ನೀರು ಏರಿಳಿಯುವ ಕರಾವಳಿ. ಹೊನ್ನಾವರದ ಅಳಿವೆಯಿಂದ ಗೇರುಸೊಪ್ಪೆಯ ತನಕ ದೋಣಿಗಳು ಬರಬಲ್ಲವು. ಅಲ್ಲಿಂದ ಮುಂದೆ ಬಂಡೆಗಳು ಎದ್ದು ಹೊಳೆ ದೋಣಿಗೆ ಎಟಕುವುದಿಲ್ಲ. ದೋಣಿಯ ಹೊರೆಯನ್ನು ಇಳಿಸಿ ಎತ್ತಿನ ಬೆನ್ನಿಗೆ ಏರಿಸಲೇಬೇಕಾದ ಜಾಗದಲ್ಲಿ ಪೇಟೆ ಹುಟ್ಟುವುದು ಸಹಜ. ಗೇರುಸೊಪ್ಪೆ ನಗರಿಯಾದದ್ದಕ್ಕೆ ಅರಸರ ಇಚ್ಛೆಗಿಂತ ಹೊಳೆಯ ಈ ಸ್ವಭಾವವೇ ಮೂಲ ಕಾರಣವೆಂದು ಹೇಳಬೇಕು.

ಈ ಹಾದಿಗಳಲ್ಲಿ ಸಾಗಿದ ಸರಕುಗಳಲ್ಲಿ ಕಾಳುಮೆಣಸಿಗೆ ವಿಶೇಷ ಸ್ಥಾನವಿದ್ದುದರಿಂದ, ಅದು ಬೆಳೆಯುತ್ತಿದ್ದ 'ಕಾನು' ಎಂಬ ವ್ಯವಸ್ಥೆಯನ್ನು ಇಲ್ಲಿ ವಿವರಿಸುವುದು ಅಗತ್ಯ. ಕಾನು ಎಂದರೆ ನಿತ್ಯಹರಿದ್ವರ್ಣದ ದಟ್ಟ ಕಾಡು. ಆದರೆ ಸಾಗರ, ಸೊರಬ, ಸಿದ್ದಾಪುರ ಸೀಮೆಗಳ ಬಳಕೆಯಲ್ಲಿ ಅದು ಯಾವುದೋ ಒಂದು ಕಾಡಲ್ಲ, ಊರಿಗೆ ಸೇರಿದ, ಹೆಸರಿಟ್ಟು ಕರೆದ, ದೇವರನ್ನು ಕೂರಿಸಿದ ಕಾಡು. ಚೌಡಿಯೋ ಭೂತಪ್ಪನೋ ಹುಲಿದೇವರೋ ಕಾಯುವ ಆ ನೆರಳಿನಲ್ಲಿ ದೊಡ್ಡ ಮರಕ್ಕೆ ಕೊಡಲಿ ಹಾಕುವಂತಿರಲಿಲ್ಲ, ಬೆಂಕಿ ಬೀಳಗೊಡುವಂತಿರಲಿಲ್ಲ. ಅದರ ಫಲವಾಗಿ ಬೇಸಗೆಯಲ್ಲೂ ತೊರೆ ಬತ್ತದೆ ಕೆಳಗಿನ ಗದ್ದೆ ತೋಟಗಳಿಗೆ ನೀರು ಸಿಗುತ್ತಿತ್ತು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳಿಂದ ಕೊಯ್ಲೂ ದೊರೆಯುತ್ತಿತ್ತು. ಬೈನೆ ಮರದ ಕಳ್ಳು, ದಾಲ್ಚಿನ್ನಿ, ಜೇನು, ಉಪ್ಪಿನಕಾಯಿಗೆ ಬೇಕಾದ ಅಪ್ಪೆಮಿಡಿ ಇವೆಲ್ಲ ಅದೇ ಕಾನಿನ ಉತ್ಪತ್ತಿಗಳು. ಹತ್ತೊಂಬತ್ತನೆಯ ಶತಮಾನದ ಅರಣ್ಯಾಧಿಕಾರಿಗಳು ಸೊರಬದ ಕಾನುಗಳನ್ನು ಕುರಿತು ಪ್ರತ್ಯೇಕವಾಗಿಯೇ ವರದಿ ಬರೆಯಬೇಕಾಯಿತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅವರು ಒಟ್ಟಾಗಿ ಸಲ್ಲಿಸಿದ ವರದಿ ಅಂಥದ್ದು. ಪವಿತ್ರವನ ಮತ್ತು ಮೆಣಸಿನ ತೋಟ ಎಂಬ ಎರಡು ಬೇರೆ ಪೆಟ್ಟಿಗೆಗಳಲ್ಲಿ ಈ ಕಾನುಗಳನ್ನು ಇಡಲು ಬರುವುದಿಲ್ಲವೆಂಬುದು ಹೊರಗಿನಿಂದ ಬಂದವರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಕಾಡನ್ನು ಉಳಿಸುವುದೂ ಕಾಡಿನಿಂದ ಬದುಕುವುದೂ ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದ ಈ ಪದ್ಧತಿ ಕನ್ನಡ ನಾಡಿನ ಭೂಬಳಕೆಯ ಇತಿಹಾಸದಲ್ಲಿ ಇನ್ನೂ ಹೆಚ್ಚಿನ ಗೌರವಕ್ಕೆ ಅರ್ಹವಾದದ್ದು.

ಕಾನಿನ ಮೆಣಸು ಕೆಳಗಿಳಿದು ಸೇರುತ್ತಿದ್ದ ಹೊನ್ನಾವರ ಹಳೆಯ ಬಂದರು. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತ ಅದನ್ನು ಹಿನೌರ್ ಎಂದು ಕರೆದು, ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿದ್ದಾನೆ; ವ್ಯಾಪಾರದ ಸಂಪತ್ತು ಆ ಊರಿಗೆ ಏನನ್ನು ತಂದುಕೊಟ್ಟಿತ್ತೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ಬೇಡ. ಹೊಳೆಯ ಮೇಲ್ಭಾಗದಲ್ಲಿ ನಗಿರೆ, ಅಂದರೆ ಗೇರುಸೊಪ್ಪೆ, ಮತ್ತು ಭಟ್ಕಳದ ಒಳನಾಡಿನ ಹಾಡುವಳ್ಳಿಗಳನ್ನು ಕೇಂದ್ರವಾಗಿ ಉಳ್ಳ ಜೈನ ಅರಸುಮನೆತನಗಳು ವಿಜಯನಗರದ ಅಧೀನದಲ್ಲಿ ಆಳಿದವು. ಇವರಲ್ಲಿ ಸುಮಾರು 1552ರಿಂದ 1606ರ ತನಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರಾಜ್ಯವಾಳಿದ ಚೆನ್ನಭೈರಾದೇವಿಯ ಹೆಸರು ಪೋರ್ಚುಗೀಸರ ಬಾಯಲ್ಲಿ 'ಮೆಣಸಿನ ರಾಣಿ' ಎಂದಾಯಿತು. ಹೊನ್ನಾವರದ ಕೋಟೆ 1569ರ ಹೊತ್ತಿಗೆ ಪೋರ್ಚುಗೀಸರ ವಶವಾದ ಮೇಲೂ ಅವರಿಗೆ ಬೇಕಾದ ಮೆಣಸು ಮಾತ್ರ ರಾಣಿಯ ಕಾನುಗಳಲ್ಲಿಯೇ ಬೆಳೆಯುತ್ತಿತ್ತು, ರಾಣಿಯ ಘಟ್ಟದ ದಾರಿಯಲ್ಲಿಯೇ ಇಳಿದು ಬರಬೇಕಿತ್ತು. ಅಳಿವೆ ಪರರ ಕೈಯಲ್ಲಿದ್ದರೂ ದಾರಿ ತನ್ನ ಕೈಯಲ್ಲಿದ್ದುದೇ ಆಕೆಯ ಬಲ.

ಆ ನಗರಿಯಲ್ಲಿ ಇಂದು ಉಳಿದಿರುವ ಮುಖ್ಯ ಕಟ್ಟಡವೆಂದರೆ ಹೊಳೆಯ ಆಚೆ ದಡದ ನಗರಬಸ್ತಿಕೇರಿಯ ಚತುರ್ಮುಖ ಬಸದಿ. ಹದಿನಾರನೆಯ ಶತಮಾನದ ಈ ಕಲ್ಲುಕಟ್ಟಡಕ್ಕೆ ನಾಲ್ಕು ದಿಕ್ಕಿಗೂ ಬಾಗಿಲುಗಳಿದ್ದು, ಯಾವ ದಿಕ್ಕಿನಿಂದ ಬಂದವನಿಗೂ ಗರ್ಭಗೃಹದ ಜಿನಬಿಂಬ ಎದುರಾಗಿಯೇ ಕಾಣುತ್ತದೆ. ಸುತ್ತ ಮುತ್ತ ಮರಗಳ ನಡುವೆ ಬೇರೆ ಬಸದಿಗಳೂ ಗುಡಿಗಳೂ ಶಾಸನಶಿಲೆಗಳೂ ಇವೆ. ಊರಿಲ್ಲದ ಈ ಕಾಡಿನಲ್ಲಿ ನಾಲ್ಕು ಬಾಗಿಲುಗಳ ದೇವಾಲಯವನ್ನು ನೋಡಿದಾಗ, ಅದನ್ನು ಕಟ್ಟಿದವರ ಕಾಲದಲ್ಲಿ ನಾಲ್ಕು ದಿಕ್ಕಿನಿಂದಲೂ ಜನ ಬರುವಷ್ಟು ಬೀದಿಗಳು ಇಲ್ಲಿದ್ದವೆಂಬುದನ್ನು ಮನಸ್ಸಿಗೆ ತಂದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಗೇರುಸೊಪ್ಪೆಯನ್ನು ಕೆಳದಿಯ ವೆಂಕಟಪ್ಪ ನಾಯಕನು ಗೆದ್ದ ಮೇಲೆ ನಗರಿ ಬಲುಬೇಗ ಪಾಳುಬಿದ್ದಿತು. ಅದಾಗಿ ಇಪ್ಪತ್ತು ವರ್ಷವೂ ಕಳೆಯುವ ಮೊದಲೇ, 1623ರಲ್ಲಿ, ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನಲ್ಲಿಗೆ ಕಳಿಸಿದ ರಾಯಭಾರಿಯ ಜೊತೆಗೆ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇದೇ ದಾರಿಯಲ್ಲಿ ನಾಯಕನ ರಾಜಧಾನಿಯಾದ ಇಕ್ಕೇರಿಗೆ ಹೋದನು. ಆತನು ತನ್ನ ಗೆಳೆಯನಿಗೆ ಬರೆದ ಪತ್ರಗಳು ಶರಾವತಿ ಕಣಿವೆಯ ನಡಿಗೆಯನ್ನು ಕುರಿತ ಅತ್ಯಂತ ಸಮೃದ್ಧವಾದ ಹಳೆಯ ದಾಖಲೆ. ಹೊನ್ನಾವರದಿಂದ ದೋಣಿಯಲ್ಲಿ ಹೊಳೆಯ ಮೇಲ್ಮುಖವಾಗಿ ಸಾಗುವಾಗ ಎರಡು ದಡದ ಹಸಿರನ್ನೂ ನಡುವಿನ ಕುದುರುಗಳನ್ನೂ ಕಂಡು, ತಾನು ಅದುವರೆಗೆ ನೋಡಿದ ನದಿಗಳಲ್ಲಿ ಇದಕ್ಕಿಂತ ಚೆಲುವಾದದ್ದು ನೆನಪಿಲ್ಲವೆಂಬ ಅಭಿಪ್ರಾಯವನ್ನು ಅವನು ದಾಖಲಿಸಿದ. ತುರ್ಕಿ, ಈಜಿಪ್ಟ್, ಪರ್ಷಿಯಾಗಳನ್ನು ವರ್ಷಗಟ್ಟಲೆ ಸುತ್ತಿ ಬಂದಿದ್ದವನ ಮಾತು ಇದಾದ್ದರಿಂದ ಅದಕ್ಕೆ ತೂಕವಿದೆ. ಗೇರುಸೊಪ್ಪೆಯಲ್ಲಿ ಅವನು ಕಂಡದ್ದು ಕುಸಿದ ಅರಮನೆ ಮತ್ತು ಬೀದಿಗಳಲ್ಲಿ ಎದ್ದು ನಿಂತ ಮರಗಳು. ಪೋರ್ಚುಗೀಸರು ಇಲ್ಲಿಯ ರಾಣಿಯನ್ನು ಮೆಣಸಿನ ರಾಣಿಯೆಂದು ಕರೆಯುತ್ತಿದ್ದುದನ್ನೂ, ಅವಳ ಪತನವನ್ನು ಕುರಿತು ಆಗ ಹರಡಿದ್ದ ಪ್ರೇಮ ಮತ್ತು ದ್ರೋಹದ ಕಥೆಯನ್ನೂ ಅವನು ಬರೆದಿಟ್ಟ. ಆ ಕಥೆ ಗೆದ್ದವರ ಕಡೆಯಿಂದ ಬಂದ ಸುದ್ದಿಯಾಗಿರುವುದು ಸಂಭಾವ್ಯವಾದ್ದರಿಂದ ಅದನ್ನು ಇತಿಹಾಸವೆಂದು ಒಪ್ಪಬೇಕಿಲ್ಲ. ಆದರೆ ಪಾಳೂರಿನ ವರ್ಣನೆಯನ್ನು ನಂಬದಿರಲು ಕಾರಣವಿಲ್ಲ. ವ್ಯಾಪಾರ ನಿಂತ ಊರನ್ನು ಮಲೆನಾಡಿನ ಮಳೆ ಮತ್ತು ಬೇರುಗಳು ಎಷ್ಟು ಬೇಗ ತಮ್ಮದಾಗಿಸಿಕೊಳ್ಳುತ್ತವೆಂಬುದಕ್ಕೆ ಅದು ಕಣ್ಣಾರೆ ಕಂಡವನ ಸಾಕ್ಷ್ಯ.

ಗೇರುಸೊಪ್ಪೆಯಿಂದ ಘಟ್ಟವೇರುವಾಗ ದೆಲ್ಲಾ ವಾಲೆಗೆ ತನ್ನ ದೇಶದ ಅಪೆನ್ನೈನ್ ಬೆಟ್ಟಗಳ ನೆನಪು ಬಂದಿತು. ಮೇಲೆ ಒಂದು ಗುಡಿಯ ಜಗಲಿಯಲ್ಲಿ, ಹೊರೆಗಳನ್ನು ಸರಿಮಾಡುವ ತನಕ ಕಾದು ಕುಳಿತಿದ್ದಾಗ, ಚಿಕ್ಕ ಹುಡುಗರು ನೆಲದ ಮೇಲೆ ಸಣ್ಣ ಮರಳನ್ನು ಹರಡಿ, ಬೆರಳಿನಿಂದ ಅದರಲ್ಲಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹೇಳುತ್ತ, ಒಬ್ಬರಿಂದೊಬ್ಬರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ನೋಡಿದ. ಗುರುವಿಲ್ಲದೆಯೇ ತಮ್ಮ ಪಾಠವನ್ನು ತಾವೇ ಒಪ್ಪಿಸಿಕೊಳ್ಳುವ ಈ ಕ್ರಮ ಅವನಿಗೆ ಸುಲಭವೂ ಭದ್ರವೂ ಆದದ್ದಾಗಿ ತೋರಿತು. ಕನ್ನಡ ನಾಡಿನ ಐಗಳ ಮಠಗಳ, ಅಂದರೆ ಊರಿನ ಓದುಬರಹದ ಶಾಲೆಗಳ, ಚರಿತ್ರೆ ಬರೆಯುವವರಿಗೆ ಈ ಚಿಕ್ಕ ಪ್ರಸಂಗ ಅಮೂಲ್ಯವಾದದ್ದು. ಹಾದಿಗಳ ಚರಿತ್ರೆಗೂ ಅದು ಅಷ್ಟೇ ಮುಖ್ಯ. ಏಕೆಂದರೆ ಗುಡಿ, ಜಗಲಿ, ಮಕ್ಕಳು, ಪಾಠ ಇವೆಲ್ಲ ಇದ್ದ ಘಟ್ಟವು ನಿರ್ಜನವಾದ ಕಣಿವೆಯಲ್ಲ, ಹಾದಿಹೋಕರು ತಂಗಿ ಹೋಗುತ್ತಿದ್ದ ಜನವಸತಿಯಾಗಿತ್ತೆಂದು ಅದು ತಿಳಿಸುತ್ತದೆ.

ಈ ಘಟ್ಟದ ನೆತ್ತಿಯನ್ನು ಕಾಯುತ್ತಿದ್ದುದು ಸಾಗರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿರುವ ಗೋವರ್ಧನಗಿರಿಯ ಕೋಟೆ. ಅದರ ಸುತ್ತಲಿನ ಕಾಡಿನಲ್ಲಿಯೇ ಇನ್ನೊಂದು ಕಡೆ ಕಾನೂರು ಕೋಟೆಯಿದೆ. ಚೆನ್ನಭೈರಾದೇವಿ ತನ್ನ ಭಂಡಾರವನ್ನು ಅಲ್ಲಿ ಇರಿಸಿದ್ದಳೆಂದು ಜನ ಹೇಳುತ್ತಾರೆ, ಆ ಮಾತನ್ನು ನಂಬಿದ ನಿಧಿಗಳ್ಳರಿಂದ ಅದು ಹಾಳಾದದ್ದೂ ಉಂಟು. ಕೋಟೆಯೆಂದರೆ ಇಲ್ಲಿ ಯುದ್ಧದ ರಚನೆ ಮಾತ್ರವಲ್ಲ. ಘಟ್ಟದ ದಾರಿಯಲ್ಲಿ ಉಕ್ಕಡ, ಅಂದರೆ ಕಾವಲು ಠಾಣೆ, ಮತ್ತು ಸುಂಕದ ಕಟ್ಟೆ ಇರಬೇಕಾದದ್ದು ಆ ಕಾಲದ ಆಡಳಿತದ ಕ್ರಮ; ಹೇರೆತ್ತಿನ ಸಾಲು ಹಾಯಬೇಕಾದ ಕಿರಿದಾದ ಕಣಿವೆಯನ್ನು ಬಿಗಿಹಿಡಿದವನು ಹೇರಿನ ಮೇಲಿನ ಸುಂಕವನ್ನೂ ಹಿಡಿಯಬಲ್ಲನು. ಹೇರೆತ್ತು ಎಂದರೆ ಗಾಡಿಗೆ ಕಟ್ಟದೆ ಬೆನ್ನಿನ ಎರಡು ಮಗ್ಗುಲಿಗೂ ಗೋಣಿ ತೂಗಿಸಿ ನಡೆಸುವ ಎತ್ತು. ಗಾಡಿಗೆ ಬೇಕಾದಷ್ಟು ಅಗಲ ಈ ದಾರಿಗಳಿಗೆ ಬೇಕಿರಲಿಲ್ಲ. ಒಂದು ಎತ್ತಿನ ಹಿಂದೆ ಇನ್ನೊಂದು ಎತ್ತು ನಡೆಯುವಷ್ಟು ಜಾಗ, ಜಾರದಂತೆ ಅಲ್ಲಲ್ಲಿ ಹಾಸಿದ ಕಲ್ಲು, ತೊರೆ ದಾಟಲು ಮರದ ದಿಮ್ಮಿಯ ಸಂಕ, ತಲೆಹೊರೆಯವರು ಹೊರೆ ಇಳಿಸಿ ಉಸಿರು ಬಿಡಲು ಒಂದು ಎತ್ತರದ ಕಲ್ಲು ಇಷ್ಟಿದ್ದರೆ ಸಾಕಾಗಿತ್ತು. ಮಳೆಗಾಲದ ನಾಲ್ಕು ತಿಂಗಳು ತೊರೆಗಳು ಉಕ್ಕಿ, ಉಂಬಳಗಳು ತುಂಬಿ, ದಾರಿಗಳು ತಾವಾಗಿಯೇ ಮುಚ್ಚುತ್ತಿದ್ದವು. ದೀಪಾವಳಿಯ ಆಚೆಗೆ ಕತ್ತಿಯಿಂದ ಬಳ್ಳಿ ಸವರಿ ಅವನ್ನು ಪುನಃ ತೆರೆಯಬೇಕಿತ್ತು. ಬಳಸಿದರೆ ಮಾತ್ರ ಉಳಿಯುವ ಇಂಥ ದಾರಿಗೆ ಬಳಕೆಯೇ ದುರಸ್ತಿಯಾಗಿದ್ದುದರಿಂದ, ಒಂದೆರಡು ದಶಕ ಯಾರೂ ನಡೆಯದಿದ್ದರೆ ಅದರ ಗುರುತೂ ಉಳಿಯುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಣಿವೆಯ ಗುರುತ್ವಕೇಂದ್ರ ಗೇರುಸೊಪ್ಪೆಯಿಂದ ಜೋಗಕ್ಕೆ ಸರಿಯಿತು. ಅದಕ್ಕೂ ಹಿಂದೆ ಜಲಪಾತ ಇರಲಿಲ್ಲವೆಂದಲ್ಲ. ವ್ಯಾಪಾರಕ್ಕೆ ಅದು ಅಡ್ಡಿಯೇ ಹೊರತು ನೋಡಲು ಹೋಗಬೇಕಾದ ಸ್ಥಳವಾಗಿರಲಿಲ್ಲ, ದೆಲ್ಲಾ ವಾಲೆಯಂಥ ಕುತೂಹಲಿಯೂ ಅದನ್ನು ನೋಡದೆಯೇ ಇಕ್ಕೇರಿಗೆ ಹೋದನು. ಬ್ರಿಟಿಷ್ ಅಧಿಕಾರಿಗಳು ಬಂದ ಮೇಲೆ ಅದು 'ಗೇರುಸೊಪ್ಪೆ ಜಲಪಾತ'ವೆಂದು ದಾಖಲೆಗಳಲ್ಲಿ ಪ್ರಸಿದ್ಧವಾಯಿತು. ಅಷ್ಟು ದೂರದ ಊರಿನ ಹೆಸರನ್ನು ಅದಕ್ಕೆ ಅಂಟಿಸಿದ್ದು, ಆ ಹೊತ್ತಿಗೂ ಕಣಿವೆಗೆಲ್ಲ ಗೇರುಸೊಪ್ಪೆಯೇ ಹೆಸರಾಗಿತ್ತೆಂಬುದರ ಕುರುಹು. ನಾಲ್ಕು ಕವಲುಗಳಿಗೆ ರಾಜ, ರೋರರ್, ರಾಕೆಟ್ ಎಂದೂ ನಾಲ್ಕನೆಯದಕ್ಕೆ ಶ್ವೇತವಸನೆ ಎಂಬರ್ಥದ ಫ್ರೆಂಚ್ ಹೆಸರನ್ನೂ ಅವರು ಕೊಟ್ಟರು. ಕೊನೆಯದು ಕನ್ನಡಿಗರ ಬಾಯಲ್ಲಿ ರಾಣಿಯಾಗಿ ನಿಂತಿತು. 1856ರಲ್ಲಿ ಇಬ್ಬರು ನೌಕಾಧಿಕಾರಿಗಳು ಬಂಡೆಯಂಚಿನಿಂದ ಹಗ್ಗ ಇಳಿಬಿಟ್ಟು ಎತ್ತರವನ್ನು ಸುಮಾರು 830 ಅಡಿಯೆಂದೂ ಬುಡದ ಮಡುವಿನ ಆಳವನ್ನು 132 ಅಡಿಯೆಂದೂ ಅಳೆದರು. ಕೆನರಾ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಹೊಳೆಯೇ ಮೈಸೂರಿಗೂ ಮುಂಬಯಿಗೂ ಗಡಿಯಾಯಿತು; ಆಚೆ ದಡದಲ್ಲಿ ಮುಂಬಯಿ ಬಂಗಲೆ, ಈಚೆ ದಡದಲ್ಲಿ ಮೈಸೂರು ಬಂಗಲೆ ಎದ್ದು, ಒಂದೇ ನೀರನ್ನು ಎರಡು ಸರ್ಕಾರಗಳ ಅತಿಥಿಗಳು ಎರಡು ಕಡೆಯಿಂದ ನೋಡತೊಡಗಿದರು. ಸಿದ್ದಾಪುರದ ಕಡೆಯಿಂದ ಮಾಲೆಮನೆ ಘಟ್ಟದಲ್ಲಿ ಗಾಡಿರಸ್ತೆ ಇಳಿದ ಬಳಿಕ ಸರಕೆಲ್ಲ ಆ ದಾರಿಯನ್ನು ಹಿಡಿದು, ಗೋವರ್ಧನಗಿರಿಯ ಹಳೆಯ ಘಟ್ಟ ಸದ್ದಿಲ್ಲದೆ ಕಾಡಿಗೆ ಸೇರಿತು.

ಇದೇ ಕಾಲದಲ್ಲಿ ಅರಣ್ಯದ ಕಾನೂನುಗಳೂ ದಾರಿಗಳನ್ನು ಕಿರಿದಾಗಿಸಿದವು. ಕುಣಬಿ ಮೊದಲಾದ ಸಮುದಾಯಗಳವರು ಕಾಡಿನ ತುಂಡನ್ನು ಸವರಿ, ಸುಟ್ಟು, ಒಂದೆರಡು ವರ್ಷ ರಾಗಿಯನ್ನೋ ಬೇರೆ ಧಾನ್ಯವನ್ನೋ ಬೆಳೆದು, ಆ ಜಾಗವನ್ನು ಹಲವು ವರ್ಷ ಬಿಟ್ಟು ಬೇರೆಡೆಗೆ ಹೋಗುವ ಬೇಸಾಯಕ್ಕೆ ಕುಮರಿ ಎಂದು ಹೆಸರು. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. 1878ರ ಅರಣ್ಯ ಕಾಯಿದೆಯ ಬಳಿಕ ಕಾಯ್ದಿಟ್ಟ ಅರಣ್ಯಗಳ ಗಡಿಗಳು ಊರುಗಳ ಬಾಗಿಲಿಗೆ ಬಂದವು. ಅಡಿಕೆ ತೋಟಗಳ ಗೊಬ್ಬರಕ್ಕೆ ಸೊಪ್ಪು ತರುವ 'ಸೊಪ್ಪಿನ ಬೆಟ್ಟ'ದ ಹಕ್ಕು ತೋಟಗಾರರಿಗೆ ಉಳಿಯಿತಾದರೂ, ಕುಮರಿಯವರ ಓಡಾಟದ ಹಕ್ಕಿಗೆ ಅಂಥ ರಕ್ಷಣೆ ದೊರೆಯಲಿಲ್ಲ. ಇಲ್ಲಿಯ ಅನ್ಯಾಯವನ್ನು ಸ್ಪಷ್ಟವಾಗಿ ಹೇಳಬೇಕು: ಕಣಿವೆಯ ಕಾಲುದಾರಿಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಆ ದಾರಿಗಳಲ್ಲಿ ಅಪರಾಧಿಗಳಂತೆ ನಡೆಯಬೇಕಾಯಿತು.

ಇಪ್ಪತ್ತನೆಯ ಶತಮಾನ ತಂದ ಬದಲಾವಣೆಯ ಮುಂದೆ ಇವೆಲ್ಲ ಸಣ್ಣವು. ಮೈಸೂರು ಸಂಸ್ಥಾನ 1939ರಲ್ಲಿ ಜೋಗದ ಬಳಿ ಜಲವಿದ್ಯುತ್ತಿನ ಕೆಲಸವನ್ನು ಆರಂಭಿಸಿತು. ಗಡಿಯ ಹೊಳೆಯಾದ್ದರಿಂದ ಮುಂಬಯಿ ಸರ್ಕಾರದೊಡನೆ ಒಪ್ಪಂದವೂ ಬೇಕಾಯಿತು. ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಗಣೇಶ ಅಯ್ಯರ್ ಎಂಬ ಎಂಜಿನಿಯರು ರೂಪಿಸಿದ ಸೈಫನ್‌ಗಳನ್ನು ಅಳವಡಿಸಲಾಗಿತ್ತು. ಸೈಫನ್ ಎಂದರೆ ನೀರು ಒಂದು ಮಟ್ಟವನ್ನು ಮೀರಿದಾಗ ಬಾಗಿಲು ತೆರೆಯುವವರಿಲ್ಲದೆಯೇ ಹೆಚ್ಚುವರಿ ನೀರನ್ನು ತಾನೇ ಎಳೆದು ಹೊರಹಾಕುವ ಕೊಳವೆಯಂಥ ರಚನೆ. ಬಾವಿಯಂತೆ ಅಗಲವಾಗಿ ಬಾಯ್ದೆರೆದ ಇವುಗಳ ವಿನ್ಯಾಸ ಆ ಕಾಲದ ಕನ್ನಡ ನಾಡಿನ ಎಂಜಿನಿಯರಿಂಗ್ ಪ್ರತಿಭೆಗೆ ನಿದರ್ಶನ. ಜಲಪಾತದ ಕೆಳಗಿನ ಕಮರಿಯ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿ, ಬಳಿಕ ಮಹಾತ್ಮ ಗಾಂಧಿಯವರ ಹೆಸರನ್ನು ಪಡೆಯಿತು. ಆದರೆ ಅದರ ಶಕ್ತಿ 120 ಮೆಗಾವಾಟಿಗೆ ಸೀಮಿತವಾಗಿತ್ತು. ಬೆಳೆಯುವ ರಾಜ್ಯದ ಬೇಡಿಕೆಗೆ ಅದು ಸಾಲದೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಅದರ ಬೆನ್ನಿಗೇ ಶರಾವತಿ ವಿದ್ಯುದಾಗಾರದ ಮೊದಲ ಘಟಕ ಆರಂಭವಾಯಿತು. ಮುಂದೆ ಹತ್ತು ಘಟಕಗಳಾಗಿ ಬೆಳೆದು ಇಂದು 1035 ಮೆಗಾವಾಟ್ ಶಕ್ತಿಯುಳ್ಳ ಈ ಕೇಂದ್ರ ಕರ್ನಾಟಕದ ಬೆಳಕಿನ ಬಹುಭಾಗವನ್ನು ದಶಕಗಳ ಕಾಲ ಹೊತ್ತಿತು.

ಲಿಂಗನಮಕ್ಕಿಯ ಜಲಾಶಯ ತುಂಬುವ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಿಡಿಯುವ ನೀರು 151 ಟಿ.ಎಂ.ಸಿ., ಅಂದರೆ ಹದಿನೈದು ಸಾವಿರ ಕೋಟಿ ಘನ ಅಡಿಗೂ ಹೆಚ್ಚು. ಹಿರೇಭಾಸ್ಕರ ಅಣೆಕಟ್ಟು ಆ ನೀರಿನಲ್ಲಿಯೇ ಮುಳುಗಿತು. ಕಣಿವೆಯ ತಳದ ಗದ್ದೆಗಳು, ತೋಟಗಳು, ಕಾನುಗಳು, ಊರಿಂದೂರಿಗೆ ಹೋಗುವ ಹಾದಿಗಳು ಎಲ್ಲ ಅಡಿಗೆ ಹೋದವು. ಎತ್ತರದ ನೆಲಗಳು ನಡುಗಡ್ಡೆಗಳಾದವು. ಕರೂರು ಮತ್ತು ಭಾರಂಗಿ ಹೋಬಳಿಗಳ ಜನರಿಗೆ ತಾಲ್ಲೂಕು ಕೇಂದ್ರವಾದ ಸಾಗರ ಹೊಳೆಯಾಚೆಯ ದೂರದ ಊರಾಯಿತು. ಮುಳುಗಿದ ಊರುಗಳಿಂದ ಎದ್ದವರು ಲಾರಿಗಳಲ್ಲಿ ಪಾತ್ರೆ ಪಡಗ, ಬಾಗಿಲು ಚೌಕಟ್ಟು, ದೇವರ ಕಲ್ಲುಗಳನ್ನು ಹೇರಿಕೊಂಡು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ನೆಲೆ ನಿಂತರು. ಅಲ್ಲಿ ಸಾಗುವಳಿ ಮಾಡಿದ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅರ್ಧ ಶತಮಾನ ಕಳೆದರೂ ಹಲವರ ಪಾಲಿಗೆ ಬಗೆಹರಿಯಲಿಲ್ಲ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಪ್ರದೇಶದಲ್ಲಿ ಕೆಲಸ ಮಾಡಿದ ನಾ. ಡಿಸೋಜ ಅವರ 'ಮುಳುಗಡೆ' ಮತ್ತು 'ದ್ವೀಪ' ಕಾದಂಬರಿಗಳು ಈ ನೋವಿನಿಂದ ಹುಟ್ಟಿದವು. ಸರ್ಕಾರಿ ವರದಿಗಳು ಎಕರೆಗಳಲ್ಲಿ ಹೇಳಿದ್ದನ್ನು ಅವು ಮನೆಗಳಲ್ಲಿ ಹೇಳಿದವು.

ಕಣಿವೆಯ ಉಳಿದ ಕಾಡಿಗೆ ಕಾನೂನಿನ ರಕ್ಷಣೆ ಬಂದದ್ದು ಮುಳುಗಡೆಯ ನಂತರ. 1972ರಲ್ಲಿ 431 ಚದರ ಕಿಲೋಮೀಟರಿನಷ್ಟು ಪ್ರದೇಶವನ್ನು ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಯಿತು; ಅದರ ಒಂದು ದೊಡ್ಡ ಪಾಲು ಲಿಂಗನಮಕ್ಕಿಯ ನೀರೇ ಆಗಿದೆ. 2019ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನೂ ನೆರೆಯ ಕಾಡುಗಳನ್ನೂ ಕೂಡಿಸಿ, ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು. ಸಿಂಗಳೀಕವು ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ ಉಳ್ಳ ಮಂಗ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಮರದ ತುದಿಯಲ್ಲಿಯೇ ಬಾಳುವ ಪ್ರಾಣಿಯಾದ್ದರಿಂದ ಕೊಂಬೆಗೆ ಕೊಂಬೆ ತಾಗುವ ಕಾಡು ಅದಕ್ಕೆ ಬೇಕು. ಕಾನುಗಳು ಎಲ್ಲಿ ಉಳಿದವೋ ಅಲ್ಲಿ ಅದೂ ಉಳಿಯಿತು.

ಹೊನ್ನಾವರದಿಂದ ಜೋಗಕ್ಕೆ ಏರುವ ಹೆದ್ದಾರಿಯ ಪಕ್ಕದಲ್ಲಿರುವ ಕತ್ತಲೆಕಾನು ಇದಕ್ಕೆ ಅತ್ಯುತ್ತಮ ಉದಾಹರಣೆ. ಹೆಸರೇ ಹೇಳುವಂತೆ ಅದು ಬಿಸಿಲು ನೆಲ ಮುಟ್ಟದ ಕಾನು. ಅಲ್ಲಿ ವರ್ಷವಿಡೀ ನೀರು ಜಿನುಗುವ ತೊರೆಗಳ ಇಕ್ಕೆಲದಲ್ಲಿ ರಾಮಪತ್ರೆಯ ಜಾತಿಯ ಮರಗಳು ಕೆಸರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದ ಬೇರುಗಳ ಮೂಲಕ ಉಸಿರಾಡುತ್ತ ನಿಂತಿವೆ. ಇಂಥ ಜೌಗು ಕಾಡನ್ನು ಸ್ಥಳೀಯರು ಜಡ್ಡಿ ಎನ್ನುತ್ತಾರೆ. ಗೇರಿನ ಕುಟುಂಬಕ್ಕೆ ಸೇರಿದ, ಅದುವರೆಗೆ ಸಸ್ಯಶಾಸ್ತ್ರಕ್ಕೆ ಗೊತ್ತಿರದಿದ್ದ ಒಂದು ಮರ ಇಲ್ಲಿಯೇ ಪತ್ತೆಯಾಗಿ 2000ನೇ ಇಸವಿಯಲ್ಲಿ ಈ ಕಾನಿನ ಹೆಸರನ್ನೇ ಪಡೆಯಿತು. ಹೆದ್ದಾರಿಯ ಮಗ್ಗುಲಿನಲ್ಲಿಯೇ ಇಷ್ಟು ಪ್ರಾಚೀನವಾದ ಕಾಡು ಉಳಿದದ್ದು ಅಲ್ಲಿಗೆ ಮನುಷ್ಯ ಹೋಗದಿದ್ದುದರಿಂದಲ್ಲ, ಹೋದವನು ಕೊಡಲಿಯನ್ನು ಹೊರಗೆ ಬಿಟ್ಟು ಹೋಗಬೇಕೆಂಬ ನಿಯಮ ಇದ್ದುದರಿಂದ.

ಇಂದು ಕಣಿವೆಯಲ್ಲಿ ನಡೆಯುವವರಿಗೆ ದೊರೆಯುವ ದಾರಿಗಳು ಕೆಲವೇ. ಕಾರ್ಗಲ್ ಸಮೀಪದ ಮುಪ್ಪಾನೆಯಲ್ಲಿ ಹಿನ್ನೀರಿನ ಅಂಚಿಗೆ ಪ್ರಕೃತಿ ಶಿಬಿರವಿದೆ. ಕಾರ್ಗಲ್ಲಿನಿಂದ ಕೋಗಾರು ಘಟ್ಟದ ಮೂಲಕ ಭಟ್ಕಳಕ್ಕೆ ಇಳಿಯುವ ರಸ್ತೆಯ ಆಸುಪಾಸಿನಲ್ಲಿ ದಬ್ಬೆ ಜಲಪಾತವೂ, ಭೀಮೇಶ್ವರನ ಗುಡಿಯೂ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬಾರದ ಕಾನೂರು ಕೋಟೆಯೂ ಇವೆ. ಈ ಹಾದಿಗಳಲ್ಲಿ ಕಾಲಿಗೆ ಸಿಗುವ ಸವೆದ ಕಲ್ಲುಹಾಸು, ದಟ್ಟ ಮರಗಳ ನಡುವೆ ಕಾಣುವ ಬಾವಿ, ಯಾರೂ ನೆಡದಂತೆ ತೋರುವ ಜಾಗದಲ್ಲಿ ಹಬ್ಬಿದ ಮೆಣಸಿನ ಬಳ್ಳಿ ಇವೆಲ್ಲ ಒಂದೊಂದು ಬರಹದ ಸಾಲುಗಳು; ಅವನ್ನು ಓದಬಲ್ಲ ಹಿರಿಯರು ಕಣಿವೆಯ ಊರುಗಳಲ್ಲಿ ಇನ್ನೂ ಇದ್ದಾರೆ. ಮಾರ್ಗದರ್ಶಕ ಫಲಕಗಳಲ್ಲಿ ಪ್ರಾಣಿ ಪಕ್ಷಿಗಳ ಹೆಸರುಗಳಿಗೆ ಕೊಟ್ಟಷ್ಟು ಜಾಗವನ್ನು ಈ ಹಿರಿಯರ ನೆನಪಿನಲ್ಲಿರುವ ಸ್ಥಳನಾಮಗಳಿಗೂ ಕೊಡುವುದು ನ್ಯಾಯವಾದ ಕೆಲಸ, ಏಕೆಂದರೆ ಉಕ್ಕಡ, ಕಡವು, ಬಸ್ತಿ, ಪೇಟೆ ಎಂಬ ಪದಗಳು ಸೇರಿದ ಆ ಹೆಸರುಗಳೇ ಅನೇಕ ಕಡೆ ಉಳಿದಿರುವ ಏಕೈಕ ದಾಖಲೆ.

ದಾರಿಗಳ ಚರಿತ್ರೆ ನಿಂತಿಲ್ಲ. ಸಾಗರದಿಂದ ಹೊಳೆಬಾಗಿಲಿಗೆ ಬಂದು, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚಿನಲ್ಲಿ ದಾಟಿ, ಸಿಗಂದೂರಿನ ಚೌಡೇಶ್ವರಿಗೂ ನಾಗೋಡಿ ಘಟ್ಟದ ಮೂಲಕ ಕೊಲ್ಲೂರಿನ ಮೂಕಾಂಬಿಕೆಗೂ ಹೋಗುವ ಕ್ರಮ ದಶಕಗಳ ಕಾಲ ನಡೆದು ಬಂದಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರೋಗಿಯಾದರೂ ಬಸುರಿಯಾದರೂ ಬಹುದೂರ ಸುತ್ತಬೇಕಿತ್ತು, ಇಲ್ಲವೇ ಬೆಳಗಿನ ತನಕ ಕಾಯಬೇಕಿತ್ತು. 2025ರ ಜುಲೈಯಲ್ಲಿ ಅಲ್ಲಿ 2.44 ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆದುಕೊಂಡು, 1964ರಲ್ಲಿ ನೀರು ಕಡಿದ ದಾರಿ ಅರವತ್ತು ವರ್ಷಗಳ ಬಳಿಕ ಮತ್ತೆ ಕೂಡಿತು. ಕೆಳಗೆ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ನೀರನ್ನು ವಿದ್ಯುತ್ತಿನ ಬೇಡಿಕೆ ಹೆಚ್ಚಿದಾಗ ಇಳಿಸಿ ಕಡಿಮೆಯಾದಾಗ ಏರಿಸುವ ಕ್ರಮದಲ್ಲಿ 2000 ಮೆಗಾವಾಟ್ ವಿದ್ಯುತ್ ಪಡೆಯುವ ಯೋಜನೆಯೊಂದು ಸಿಂಗಳೀಕದ ಕಾಡಿನಲ್ಲಿ ಸುರಂಗ ಮತ್ತು ರಸ್ತೆಗಳನ್ನು ಕೇಳುತ್ತಿದೆ; ಮೆಣಸಿನ ಹೇರು ಏರಿದ ಅದೇ ಕಡಿದಾದ ಮಗ್ಗುಲು ಈಗ ನೀರನ್ನು ಏರಿಸುವವರ ಲೆಕ್ಕಕ್ಕೆ ಬಂದಿದೆ. ಕಣಿವೆಯ ಜನ ಮತ್ತು ಪರಿಸರದ ಕಾಳಜಿಯುಳ್ಳವರು ಅದನ್ನು ವಿರೋಧಿಸುತ್ತಿರುವುದರ ಹಿಂದೆ ಹಿಂದಿನ ಮುಳುಗಡೆಯ ಅನುಭವವಿದೆ.

ಮಳೆ ಕಡಿಮೆಯಾದ ವರ್ಷಗಳಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳ ಹೊತ್ತಿಗೆ ಲಿಂಗನಮಕ್ಕಿಯ ನೀರು ಬಹಳ ಕೆಳಗಿಳಿಯುತ್ತದೆ. ಆಗ ಕೆಂಪು ಕೆಸರಿನ ನಡುವೆ ಹಿರೇಭಾಸ್ಕರ ಅಣೆಕಟ್ಟು ತನ್ನ ಸೈಫನ್‌ಗಳ ಸಮೇತ ಮೇಲೆ ಬರುತ್ತದೆ, ಸುತ್ತಲೂ ಅರವತ್ತು ವರ್ಷ ನೀರಿನಲ್ಲಿ ನಿಂತೂ ಕೊಳೆಯದ ಮರದ ಬೊಡ್ಡೆಗಳು ಸಾಲಾಗಿ ಕಾಣುತ್ತವೆ, ಅವುಗಳ ನಡುವಿನಿಂದ ಹಳೆಯ ರಸ್ತೆಯ ಗುರುತು ಹೊರಟು ಸ್ವಲ್ಪ ದೂರ ನೇರವಾಗಿ ಸಾಗಿ ಉಳಿದ ನೀರಿಗೆ ಇಳಿಯುತ್ತದೆ. ಸುತ್ತಲಿನ ಊರುಗಳಿಂದ ಜನ ಅದನ್ನು ನೋಡಲು ಬರುತ್ತಾರೆ. ಜೂನ್ ಕಳೆದು ಹಳ್ಳಗಳು ಕೆಂಪಾಗಿ ಹರಿಯತೊಡಗಿದ ಮೇಲೆ ಮೊದಲು ರಸ್ತೆ, ಬಳಿಕ ಬೊಡ್ಡೆಗಳು, ಎಲ್ಲಕ್ಕೂ ಕೊನೆಗೆ ಅಣೆಕಟ್ಟಿನ ನೆತ್ತಿ ನೀರಿನೊಳಗೆ ಹೋಗುತ್ತವೆ.